ಎಡ ಎಂದರೆ ನಾಲ್ಕು

ಮಾರ್ಚ್ ೩, ಸೋಮವಾರ

ಬರೆಯದೇ ಇದ್ದದ್ದು ನಡೆದೇ ಇಲ್ಲ. ನಮ್ಮ ಕಸುಬಿನ ಮೊದಲ ಪಾಠವೂ ಇದೇ, ಕೊನೆಯ ಪಾಠವೂ ಇದೇ. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂತು, ಡಾಕ್ಟರುಗಳು ಬರೆದದ್ದನ್ನು ಓದಿ, ಒಂದೊಂದು ಕಾಯಿಲೆಗೂ ಅದರದರ ಸಂಖ್ಯೆ ಹಾಕುತ್ತಾ ಬಂದವನು ನಾನು. ಇಂಥವನು ಸ್ವಂತ ಮನೆಯಲ್ಲಿ ನಡೆಯುತ್ತಿರುವುದನ್ನು ಬರೆದಿಡದಿದ್ದರೆ ನಗೆಪಾಟಲು. ಆದ್ದರಿಂದ ಈ ಡೈರಿ. ಔಷಧ ಕಂಪನಿಯವರು ಬಿಟ್ಟಿ ಕೊಟ್ಟದ್ದು, ಪ್ರತಿ ಪುಟದ ಕೆಳಗೂ ಮಲಬದ್ಧತೆಯ ಮಾತ್ರೆಯ ಜಾಹೀರಾತಿದೆ. ಇರಲಿ.

ನಡೆದದ್ದು ಇಷ್ಟು. ಅಕ್ಕನಿಗೆ ಅರವತ್ತೆರಡು. ಭಾವ ತೀರಿಕೊಂಡ ಮೇಲೆ, ಅಂದರೆ ಹತ್ತೊಂಬತ್ತು ವರ್ಷದಿಂದ, ನಮ್ಮ ಮನೆಯ ಮಹಡಿ ಕೋಣೆಯಲ್ಲಿದ್ದಾಳೆ. ಬಟ್ಟೆ ಹೊಲಿಯುವ ಅಂಗಡಿಯೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಫೆಬ್ರವರಿ ಹದಿನೆಂಟರ ಬೆಳಿಗ್ಗೆ ಚಹಾದ ಕಪ್ಪು ಅವಳ ಕೈಯಿಂದ ಜಾರಿ ಬಿತ್ತು. ಸಣ್ಣ ಪಾರ್ಶ್ವವಾಯು. ಬಾಯಿ ಸೊಟ್ಟಗಾಗಲಿಲ್ಲ, ಕಾಲಿಗೆ ಏನೂ ಆಗಲಿಲ್ಲ, ಮಾತಂತೂ ಒಂದು ಕ್ಷಣವೂ ನಿಲ್ಲಲಿಲ್ಲ. ಎಡಗೈ ಮಾತ್ರ ಅರ್ಧ ಸೋತಿದೆ. ಎತ್ತುತ್ತಾಳೆ, ಆದರೆ ಎದೆಯ ಮಟ್ಟದ ತನಕ. ಬೆರಳು ಮಡಚುತ್ತಾಳೆ, ಆದರೆ ಹಿಡಿದದ್ದು ನಿಲ್ಲುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದು ಇಂದಿಗೆ ಐದು ದಿನ.

ಅಂಗಡಿಯ ಯಜಮಾನಿ ಫೋನ್ ಮಾಡಿದ್ದರಂತೆ. ಏಪ್ರಿಲ್ ಹದಿನೈದರ ತನಕ ಜಾಗ ಖಾಲಿ ಇಟ್ಟಿರುತ್ತೇನೆ, ಅದರ ಮೇಲೆ ಒಂದು ದಿನವೂ ಆಗದು ಎಂದರಂತೆ. ಅಕ್ಕ ಇದನ್ನು ನಗುತ್ತಲೇ ಹೇಳಿದಳು. ನಲವತ್ತು ವರ್ಷ ಮಾಡಿದ ಕೆಲಸ.

"ಎಡಗೈ ತಾನೆ ಅಕ್ಕ, ಅದೇನು ಅಷ್ಟು ದೊಡ್ಡ ವಿಷಯ ಅಲ್ಲ," ಎಂದು ಧೈರ್ಯ ಹೇಳಿದೆ.

ಅಕ್ಕ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಹೌದೌದು, ಎಡಗೈ ತಾನೆ," ಅಂದಳು.

ಅಡುಗೆಮನೆಯಲ್ಲಿ ನನ್ನ ಹೆಂಡತಿ ಪಾತ್ರೆ ಕುಕ್ಕಿದ ಸದ್ದಾಯಿತು. ಅವಳಿಗೆ ಯಾಕೆ ಸಿಟ್ಟು ಬಂತೋ ತಿಳಿಯಲಿಲ್ಲ.

ಮಾರ್ಚ್ ೪, ಮಂಗಳವಾರ

ಅಕ್ಕನ ಫೈಲು ನನ್ನ ಸರದಿಗೇ ಬಂತು.

ರಕ್ತಸಂಬಂಧಿಗಳ ಫೈಲನ್ನು ಮುಟ್ಟಬಾರದು, ಪಕ್ಕದ ಮೇಜಿಗೆ ದಾಟಿಸಬೇಕು ಎಂಬ ನಿಯಮವಿದೆ. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವನೇ ನಾನು. ಆದರೆ ಪಕ್ಕದ ಮೇಜಿನವರ ಕೆಲಸ ನನಗೆ ಗೊತ್ತಿಲ್ಲವೇ? 'ಕೈ ನಿಶ್ಶಕ್ತಿ' ಎಂಬ ಬರೀ ಲಕ್ಷಣದ ಸಂಖ್ಯೆ ಒತ್ತಿ ಊಟಕ್ಕೆ ಎದ್ದುಬಿಡುತ್ತಾರೆ. ಅಂಥ ಸಂಖ್ಯೆ ಹೋದರೆ ವಿಮೆಯವರು ಕೈ ವ್ಯಾಯಾಮದ ಚಿಕಿತ್ಸೆಗೆ ಒಂದು ದಿನವನ್ನೂ ಕೊಡುವುದಿಲ್ಲ. ಅಕ್ಕನ ಒಳ್ಳೆಯದಕ್ಕೇ ಫೈಲನ್ನು ನಾನೇ ಇಟ್ಟುಕೊಂಡೆ. ಅವಳದು ಗಂಡನ ಮನೆಯ ಹೆಸರು, ಯಾರಿಗೂ ತಿಳಿಯುವ ಮಾತಿಲ್ಲ.

ನರರೋಗದ ಡಾಕ್ಟರು ಬರೆದದ್ದು ಒಂದೇ ಸಾಲು. "ಎಡಗೈ ವೀಕು. ವ್ಯಾಯಾಮ." ದಾಖಲೆ ಕೋಣೆಯಲ್ಲಿ ಅವರಿಗೆ ಗೀಚು ಡಾಕ್ಟರು ಎಂದು ಹೆಸರು. ಮುಖ ನೋಡಿದವರು ಯಾರೂ ಇಲ್ಲ, ಅಕ್ಷರ ನೋಡಿ ನರಳಿದವರೇ ಎಲ್ಲ.

ವೀಕು, ಸರಿ. ಯಾಕೆ ವೀಕು? ಮಗ್ಗುಲಲ್ಲಿ ಮಲಗಿ ಜೋಮು ಹಿಡಿದಿರಬಹುದು. ಕತ್ತಿನ ನರ ಒತ್ತಿರಬಹುದು. ಪಾರ್ಶ್ವವಾಯುವಿನಿಂದ ಬಂತು ಎಂದು ಅವರು ಬರೆಯುವ ತನಕ ನನ್ನ ಪಾಲಿಗೆ ಅದು ಬಂದಿಲ್ಲ. ಆ ಬೆಳಿಗ್ಗೆ ಕಪ್ಪಿನ ಚೂರುಗಳನ್ನು ಗುಡಿಸಿದವನು ನಾನೇ ಹೌದು. ಆದರೆ ಗುಡಿಸಿದವನ ಸಾಕ್ಷಿ ಇಲ್ಲಿ ನಡೆಯುವುದಿಲ್ಲ.

ಡಾಕ್ಟರಿಗೆ ಪ್ರಶ್ನೆ ಚೀಟಿ ಕಳಿಸಿದೆ. ಇದರಲ್ಲೂ ಒಂದು ಶಿಸ್ತಿದೆ. ನಾವು ಕೇಳುವ ಪ್ರಶ್ನೆಯಲ್ಲಿ ಉತ್ತರದ ವಾಸನೆ ಕೂಡ ಇರಕೂಡದು. "ಪಾರ್ಶ್ವವಾಯುವಿನಿಂದ ಬಂದದ್ದೇ?" ಎಂದು ಕೇಳಿದರೆ ಬಾಯಿಗೆ ತುತ್ತು ಇಟ್ಟ ಹಾಗೆ, ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೇವೆ. ಆದ್ದರಿಂದ ಹೀಗೆ ಬರೆದೆ: "ರೋಗಿಯ ಎಡಗೈ ನಿಶ್ಶಕ್ತಿಯ ಕಾರಣ, ತಿಳಿದಿದ್ದಲ್ಲಿ, ದಯವಿಟ್ಟು ಸ್ಪಷ್ಟಪಡಿಸುವುದು."

ಮಾರ್ಚ್ ೬, ಗುರುವಾರ

ಗೀಚು ಡಾಕ್ಟರ ಉತ್ತರ ಬಂತು. "ಹೌದು."

ಮತ್ತೆ ಅದೇ ಪ್ರಶ್ನೆ ಕಳಿಸಿದೆ. "ಮೊದಲು ಬರೆದಂತೆ," ಎಂದು ಬಂತು. ಮೂರನೆಯ ಸಲ ಕಳಿಸಿದಾಗ ಫೋನೇ ಬಂತು. "ಪಾರ್ಶ್ವವಾಯು ಕಣ್ರೀ! ಇನ್ನೇನು, ದೆವ್ವ ಮೆಟ್ಕೊಂಡಿದ್ಯಾ? ಪ್ರಾಣ ತಿಂತೀರಲ್ಲ!" ಫೋನಿನ ಮಾತು ದಾಖಲೆಯಲ್ಲ, ದಯವಿಟ್ಟು ಬರೆದು ಕಳಿಸಿ ಎಂದೆ. ಬರೆದು ಕಳಿಸಿದರು. ದೆವ್ವದ ವಿಷಯ ಬರೆದಿರಲಿಲ್ಲ, ಒಳ್ಳೆಯದಾಯಿತು.

ಇನ್ನು ಸಂಖ್ಯೆ. ಪೂರ್ತಿ ಸತ್ತ ಕೈಗೂ ಅರ್ಧ ಸೋತ ಕೈಗೂ ನಮ್ಮ ಸಂಖ್ಯೆಗಳ ಪುಸ್ತಕದಲ್ಲಿ ಒಂದೇ ಸಂಖ್ಯೆ. ಹೊರಗಿನವರು ಕೇಳಿದರೆ ಅನ್ಯಾಯ ಅನ್ನುತ್ತಾರೆ. ಕೈ ಎಲ್ಲಿಯ ತನಕ ಏಳುತ್ತದೆ, ಸೂಜಿ ಹಿಡಿಯುತ್ತದೋ ಇಲ್ಲವೋ, ಇದೆಲ್ಲ ಪುಸ್ತಕಕ್ಕೆ ಬೇಡ. ಅದಕ್ಕೆ ಬೇಕಾದದ್ದು ಮೂರೇ: ಕೈಯೋ ಕಾಲೋ, ಎಡವೋ ಬಲವೋ, ಅದು ರೋಗಿಯ ಮುಖ್ಯ ಕೈಯೋ ಅಲ್ಲವೋ. ಮೂರನೆಯದನ್ನು ಡಾಕ್ಟರು ಬರೆದಿಲ್ಲ. ಯಾರೂ ಬರೆಯುವುದಿಲ್ಲ. ಅದಕ್ಕೂ ಪುಸ್ತಕ ದಾರಿ ತೋರಿಸಿದೆ. ಬರೆದಿಲ್ಲವೆಂದರೆ, ಸೋತದ್ದು ಬಲಗೈಯಾದರೆ ಅದೇ ಮುಖ್ಯ ಕೈ ಎಂದುಕೊಳ್ಳಬೇಕು. ಎಡಗೈಯಾದರೆ ಅಲ್ಲ ಎಂದುಕೊಳ್ಳಬೇಕು. ಮುಖ್ಯ ಕೈಯಾದ ಎಡಗೈಗೆ ಕೊನೆಯ ಅಂಕಿ ಎರಡು. ಮುಖ್ಯವಲ್ಲದ ಎಡಗೈಗೆ ನಾಲ್ಕು. ಹೊಸದಾಗಿ ಸೇರಿದವರಿಗೆ ನಾನು ಒಂದೇ ಮಾತಿನಲ್ಲಿ ಕಲಿಸುತ್ತೇನೆ: "ಎಡ ಅಂದ್ರೆ ನಾಲ್ಕು. ತಲೆ ಕೆಡಿಸ್ಕೋಬೇಡಿ."

ನಾಲ್ಕು ಒತ್ತಿದೆ. ಎರಡು ನಿಮಿಷದ ಕೆಲಸ. ಇಷ್ಟು ಶುದ್ಧವಾದ ಫೈಲು ಈ ತಿಂಗಳಲ್ಲಿ ಇನ್ನೊಂದು ಹೋಗಿರಲಿಕ್ಕಿಲ್ಲ.

ಮಾರ್ಚ್ ೧೨, ಬುಧವಾರ

ವಿಮೆಯವರ ಕಾಗದ ಬಂತು. ಮುಖ್ಯವಲ್ಲದ ಕೈ, ಆದ್ದರಿಂದ ವ್ಯಾಯಾಮ ಚಿಕಿತ್ಸೆ ಎಂಟು ಸಲ. ಮುಖ್ಯ ಕೈಯಾಗಿದ್ದರೆ ಇಪ್ಪತ್ತನಾಲ್ಕು.

"ಎಂಟೇನಾ?" ಅಂದಳು ಅಕ್ಕ. "ಆ ಹುಡುಗಿ, ಅದೇ ವ್ಯಾಯಾಮ ಮಾಡ್ಸೋಳು, ಇಪ್ಪತ್ತಾದ್ರೂ ಬೇಕು ಅಂದಿದ್ಳಲ್ಲೋ. ಕತ್ತರಿ ಹಿಡಿಯೋ ಬೆರಳು ಕೊನೇಗೆ ಬರೋದಂತೆ."

"ಕತ್ತರಿ ಹಿಡಿಯೋದು ಬಲಗೈಲಿ ಅಲ್ವೇನಕ್ಕ?"

ಅಕ್ಕ ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟು, ಸೀರಿಯಲ್ ಹಾಕು ಅಂದಳು.

ನನ್ನ ಹೆಂಡತಿ ಬಿಡುವವಳಲ್ಲ. "ರೀ, ಅತ್ತಿಗೆ ಎಡಚಿ ಅಲ್ವೇನ್ರೀ?"

"ಆಗಿದ್ದಳು. ಚಿಕ್ಕಂದಿನಲ್ಲೇ ಸರಿಹೋಯಿತು," ಎಂದೆ. ಇದಕ್ಕೆ ನಾನೇ ಸಾಕ್ಷಿ. ನನಗೆ ಐದು ವರ್ಷ, ಅಕ್ಕನಿಗೆ ಹನ್ನೊಂದು. ಮೆಟ್ಟಿಲ ಕೆಳಗೆ ಕೂತು ಎಡಗೈಯಲ್ಲಿ ಶಾಲೆಯ ಲೆಕ್ಕ ಬರೆಯುತ್ತಿದ್ದಳು. ಅಪ್ಪನಿಗೆ ಅದು ಕಂಡರಾಗದು. ಓಡಿಹೋಗಿ ಹೇಳಿದೆ. ಅಂದಿನಿಂದ ಅವಳು ಓದಲು ಕೂತಾಗ ಅಪ್ಪ ಅವಳ ಎಡಗೈಯನ್ನು ಟವೆಲಿನಿಂದ ಕುರ್ಚಿಗೆ ಕಟ್ಟುತ್ತಿದ್ದರು. ಟವೆಲು ಬಿಚ್ಚಿಕೊಂಡಳೋ ಇಲ್ಲವೋ ನೋಡಿ ಹೇಳುವುದು ನನ್ನ ಕೆಲಸ. ಅದಕ್ಕೆ ನನಗೊಂದು ಕಡೆ ಕೆಂಪು, ಒಂದು ಕಡೆ ನೀಲಿ ಇರುವ ಪೆನ್ಸಿಲು ಸಿಕ್ಕಿತ್ತು. ಮೂರು ತಿಂಗಳಲ್ಲಿ ಅಕ್ಕ ಅಚ್ಚುಕಟ್ಟಾಗಿ ಬಲಗೈಯಲ್ಲಿ ಬರೆಯತೊಡಗಿದಳು. ಈ ಮನೆತನದ ಮೊದಲ ಆಡಿಟ್ ಮಾಡಿದವನು ನಾನೇ ಎನ್ನಬೇಕು.

ಇದನ್ನು ಹೆಂಡತಿಗೆ ತಮಾಷೆಯಾಗಿ ಹೇಳಿದೆ. ಅವಳು ನಗಲಿಲ್ಲ.

"ಸರಿಹೋಯ್ತು ಅಂತ ಯಾರು ಹೇಳಿದ್ದು ನಿಮಗೆ?"

"ನೋಡ್ತಾ ಇಲ್ವೇನೇ, ಬಲಗೈಲಿ ಊಟ, ಬಲಗೈಲಿ ಸಹಿ..."

"ನೀವು ಮನೇಲಿದ್ದಾಗ," ಅಂದಳು. "ನೀವು ಬಾಗಿಲು ದಾಟಿದ ತಕ್ಷಣ ಎಲ್ಲಾ ಎಡಗೈ. ಹತ್ತೊಂಬತ್ತು ವರ್ಷದಿಂದ ನೋಡ್ತಾ ಇದೀನಿ."

ಮಾರ್ಚ್ ೧೩, ಗುರುವಾರ

ಹೆಂಡತಿ ಹೇಳಿದ್ದು ಉತ್ಪ್ರೇಕ್ಷೆ ಇರಬೇಕು. ಅವಳ ಮಾತಿನಲ್ಲಿ ಮೊದಲಿಂದಲೂ ಸ್ವಲ್ಪ ಉಪ್ಪು ಖಾರ ಜಾಸ್ತಿ.

ಮಾರ್ಚ್ ೧೫, ಶನಿವಾರ

ರಜೆಯ ಪ್ರಮಾಣಪತ್ರ ಕೊಡುವ ನೆಪದಲ್ಲಿ ಅಕ್ಕನ ಅಂಗಡಿಗೆ ಹೋಗಿದ್ದೆ. ನಲವತ್ತು ವರ್ಷದಲ್ಲಿ ಅದರ ಒಳಕೋಣೆಗೆ ಕಾಲಿಟ್ಟದ್ದು ಇದೇ ಮೊದಲು. ಉದ್ದನೆಯ ಮೇಜು, ಮೇಲೆ ತೂಗುವ ದೀಪ, ಗೋಡೆ ತುಂಬ ಕಾಗದದ ಅಳತೆಗಳು. ಹೊಲಿಗೆ ಯಂತ್ರಗಳ ಮುಂದೆ ನಾಲ್ಕು ಜನ ಹೆಂಗಸರು.

ಯಜಮಾನಿ ಗಟ್ಟಿ ದನಿಯ ದಪ್ಪ ಹೆಂಗಸು. "ಬನ್ನಿ ಬನ್ನಿ. ಎಡಗೈಯಮ್ಮ ಹೇಗಿದಾರೆ?" ಅಂದರು.

"ಯಾರು?"

"ನಿಮ್ಮಕ್ಕ ಕಣ್ರೀ. ಇಲ್ಲಿ ಅವರನ್ನ ಹೆಸರಿಂದ ಕರೆದೋರೇ ಇಲ್ಲ."

ಮೇಜಿನ ಮೇಲೆ ಒಂದು ದೊಡ್ಡ ಕತ್ತರಿ ಇತ್ತು. ಎತ್ತಿಕೊಂಡು ಒಂದು ಚೂರು ಬಟ್ಟೆ ಕತ್ತರಿಸಲು ನೋಡಿದೆ. ಹೆಬ್ಬೆರಳು ನೋಯಿತೇ ಹೊರತು ಬಟ್ಟೆ ತುಂಡಾಗಲಿಲ್ಲ, ಎರಡು ಅಲಗಿನ ನಡುವೆ ಮಡಚಿಕೊಂಡಿತು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

"ಅದು ಬಲಗೈಯೋರಿಗೆ ಬಗ್ಗಲ್ಲ ಸ್ವಾಮಿ," ಅಂದರು ಯಜಮಾನಿ. "ಅಲಗು ತಿರುಗಾಮುರುಗಾ ಇದೆ. ಅವರಿಗೋಸ್ಕರಾನೇ ಮಾಡ್ಸಿದ್ದು. ಅವರ ಜಾಗಕ್ಕೆ ಇಬ್ಬರನ್ನ ಹಾಕಿ ನೋಡ್ದೆ, ಮೂಲೆ ಕತ್ತರಿಸೋದ್ರಲ್ಲಿ ಒಬ್ಬರೂ ಅವರ ಹತ್ರ ಸುಳಿಯಲ್ಲ. ಅಷ್ಟಕ್ಕೇ ಕಾಯ್ತಾ ಇರೋದು ನಾನು. ಅಲ್ಲ, ನೀವಿಬ್ಬರೂ ಒಂದೇ ಮನೇಲಿ ತಾನೆ ಇರೋದು? ಗೊತ್ತಿಲ್ವಾ ನಿಮಗೆ?"

"ಗೊತ್ತು, ಗೊತ್ತು," ಎಂದೆ. ಸುಳ್ಳು ಹೇಳಿದೆ. ದಾಖಲೆಗಾಗಿ ಬರೆದಿಡುತ್ತಿದ್ದೇನೆ.

ಮನೆಗೆ ನಡೆದೇ ಬಂದೆ. ಬಸ್ಸು ಬಂತು, ಹತ್ತಲಿಲ್ಲ.

ಮಾರ್ಚ್ ೧೭, ಸೋಮವಾರ

ಗಾಬರಿಪಡುವಂಥದ್ದು ಏನಿಲ್ಲ. ಎಡವಟ್ಟಾದರೆ ತಿದ್ದುವುದಕ್ಕೂ ನಿಯಮವಿದೆ. ಡಾಕ್ಟರು ಮುಖ್ಯ ಕೈ ಎಡಗೈ ಎಂದು ಒಂದು ಸಾಲು ಬರೆದರೆ ಸಾಕು, ತಿಂಗಳೊಳಗೆ ನಾಲ್ಕನ್ನು ಎರಡು ಮಾಡಬಹುದು. ಆದರೆ ಎಡಗೈ ಎಂದು ಬರೆಯಿರಿ ಎಂದು ನಾನು ಹೇಳಕೂಡದು. ಚೀಟಿಯಲ್ಲಿ ನಾಲ್ಕು ಆಯ್ಕೆ ಕೊಟ್ಟೆ. ರೋಗಿಯ ಮುಖ್ಯ ಕೈ: ಒಂದು, ಬಲಗೈ. ಎರಡು, ಎಡಗೈ. ಮೂರು, ಎರಡೂ. ನಾಲ್ಕು, ಹೇಳಲಾಗದು.

ಸಂಜೆ ಚೀಟಿ ವಾಪಸು ಬಂತು. ನಾಲ್ಕಕ್ಕೆ ಗುರುತು. ಕೆಳಗೆ ಗೀಚು ಡಾಕ್ಟರ ಟಿಪ್ಪಣಿ: "ಬುಧವಾರ ರೋಗಿ ಬಂದಾಗ ಕೇಳಿ ಬರೆಯುತ್ತೇನೆ. ದಯವಿಟ್ಟು ಮತ್ತೆ ಚೀಟಿ ಕಳಿಸಬೇಡಿ."

ನಿರಾಳವಾಯಿತು. ಕೇಳಿದರೆ ಅಕ್ಕ ಹೇಳದೇ ಇರುತ್ತಾಳೆಯೇ?

ಮಾರ್ಚ್ ೧೯, ಬುಧವಾರ

ಹೇಳಲಿಲ್ಲ.

ಹೆಂಡತಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ನಾನು ಜೊತೆಗೆ ಹೋದರೆ ಅಕ್ಕನಿಗೂ ನನಗೂ ಇರುವ ನಂಟು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ದಾಖಲೆ ಕೋಣೆಯಲ್ಲೇ ಕೂತು ಕಂಪ್ಯೂಟರ್ ಪರದೆ ನೋಡುತ್ತಿದ್ದೆ. ಹನ್ನೊಂದೂಕಾಲಿಗೆ ಗೀಚು ಡಾಕ್ಟರ ಸಾಲು ಸ್ಕ್ಯಾನ್ ಆಗಿ ಬಂತು. "ರೋಗಿ ಬಲಗೈಯವರು."

ಮುಂಚೆ ಬರೆದಿರಲಿಲ್ಲ, ನಾವಾಗಿ ಊಹಿಸಿದ್ದೆವು. ಈಗ ಡಾಕ್ಟರೇ ಬರೆದಾಯಿತು. ನಾಲ್ಕು ಎಂಬುದು ಕಲ್ಲಿನಲ್ಲಿ ಕೆತ್ತಿದಂತಾಯಿತು. ಕೆತ್ತಿಸಿದವನು ನಾನೇ.

ಮನೆಗೆ ಬಂದವನೇ ಮಹಡಿ ಹತ್ತಿದೆ. ಅಕ್ಕ ಸೋತ ಕೈಯಲ್ಲಿ ಸ್ಪಂಜಿನ ಚೆಂಡು ಅಮುಕುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಚೆಂಡನ್ನು ಬಲಗೈಗೆ ಬದಲಾಯಿಸಿಕೊಂಡಳು. ಅದು ಸೋತ ಕೈಗೆಂದೇ ಕೊಟ್ಟ ಚೆಂಡು!

"ಬಲಗೈ ಅಂತ ಯಾಕೆ ಹೇಳ್ದೆ ಅಕ್ಕ?"

"ಯಾವ ಕೈಲಿ ಬರೀತೀರಮ್ಮ ಅಂತ ಕೇಳಿದ್ರು. ಬರೆಯೋದು ಬಲಗೈಲೇ ತಾನೆ? ಸುಳ್ಳು ಹೇಳ್ಬೇಕಿತ್ತಾ?"

"ಮಿಕ್ಕಿದ್ದೆಲ್ಲ ಎಡಗೈಲಿ ಮಾಡ್ತೀಯಲ್ಲ!"

ಅಕ್ಕನ ಮುಖದ ಬಣ್ಣ ಇಳಿಯಿತು. "ಯಾರು ಹೇಳಿದ್ದು ನಿಂಗೆ?" ಅಂದಳು. ಅರವತ್ತೆರಡು ವರ್ಷದವಳು, ಕದ್ದು ಸಿಕ್ಕಿಬಿದ್ದವಳಂತೆ ಬಾಗಿಲ ಕಡೆ ನೋಡಿದಳು. ಆ ಬಾಗಿಲಲ್ಲಿ ಯಾರೂ ಇರಲಿಲ್ಲ. ಅಪ್ಪ ಹೋಗಿ ಮೂವತ್ತು ವರ್ಷವಾಯಿತು.

ಯಾರೂ ಹೇಳಲಿಲ್ಲ, ನಾನೇ ಅಂಗಡಿಗೆ ಹೋಗಿದ್ದೆ ಎಂದೆ. ಬೇರೇನೋ ಹೇಳಬೇಕೆಂದು ಮಹಡಿ ಹತ್ತಿದ್ದೆ, ಅದು ನೆನಪಾಗಲಿಲ್ಲ. ಕೆಳಗಿಳಿದು ಬಂದೆ.

ಮಾರ್ಚ್ ೨೧, ಶುಕ್ರವಾರ

ವ್ಯಾಯಾಮ ಐದನೆಯ ಸಲ ಮುಗಿಯಿತು. ಇನ್ನು ಮೂರು.

ಮಾರ್ಚ್ ೨೩, ಭಾನುವಾರ

ಇಡೀ ದಿನ ಮನೆಯಲ್ಲಿದ್ದೆ. ಅಕ್ಕ ಹೇಗೆ ಓಡಾಡುತ್ತಾಳೆ ಎಂದು ಕದ್ದು ನೋಡುವುದೇ ಕೆಲಸವಾಯಿತು. ನಲ್ಲಿ ತಿರುಗಿಸಲು ಮೊದಲು ಎಡಗೈ ಮುಂದೆ ಬರುತ್ತದೆ. ನಾನಿದ್ದೇನೆಂದು ನೆನಪಾಗಿ ಹಿಂದೆ ಸರಿಯುತ್ತದೆ. ಆಮೇಲೆ ಬಲಗೈ ಹೋಗುತ್ತದೆ. ಇಷ್ಟರಲ್ಲಿ ಒಂದು ಉಸಿರಿನಷ್ಟು ಹೊತ್ತು ಅಕ್ಕ ಸುಮ್ಮನೆ ನಿಂತಿರುತ್ತಾಳೆ. ಈ ನಿಲುಗಡೆಯನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಅಕ್ಕನಿಗೆ ಸ್ವಲ್ಪ ಮರೆವು, ಕೆಲಸದಲ್ಲಿ ನಿಧಾನ ಎಂದು ನೆಂಟರ ಮುಂದೆ ಹಾಸ್ಯ ಮಾಡಿದ್ದೂ ಉಂಟು.

ಸೋತ ಕೈಯನ್ನು ಕೂಡ ಬಚ್ಚಿಡುತ್ತಿದ್ದಾಳೆ. ನನ್ನ ಎದುರಿಗೆ ವ್ಯಾಯಾಮ ಮಾಡುವುದೇ ಇಲ್ಲ. ಸಂಜೆ ಸುಮ್ಮಸುಮ್ಮನೆ ಕೊಡೆ ಹಿಡಿದು ಹೊರಗೆ ಹೋಗಿ ಪಾರ್ಕಿನಲ್ಲಿ ಒಂದು ಗಂಟೆ ಕೂತು ಬಂದೆ, ಅಷ್ಟು ಹೊತ್ತು ಅವಳು ಚೆಂಡು ಅಮುಕಲಿ ಎಂದು. ಹೆಂಡತಿ ಕೇಳಿದಳು, "ಎಲ್ಲಿಗ್ರೀ ಹೋಗಿದ್ರಿ, ಕೊಡೆ ಬೇರೆ? ಒಂದು ಮೋಡಾನೂ ಇಲ್ಲ."

ವಾಯುವಿಹಾರ ಎಂದೆ. ನಾನು ಯಾವತ್ತು ವಾಯುವಿಹಾರಕ್ಕೆ ಹೋದವನು?

ಮಾರ್ಚ್ ೨೫, ಮಂಗಳವಾರ

ಆಡಿಟರ್ ಮೇಡಂ ಕರೆದು ಸಿಹಿಸುದ್ದಿ ಕೊಟ್ಟರು. ವರ್ಷದ ತಪ್ಪಿಲ್ಲದ ಕೆಲಸಕ್ಕೆ ಕೊಡುವ ಫಲಕ ಈ ಸಲ ನನಗಂತೆ. ಅದರಲ್ಲೂ ಮಾದರಿ ಎಂದು ತೋರಿಸಲು ಒಂದು ಫೈಲು ಆರಿಸಿಟ್ಟಿದ್ದಾರೆ. ಯಾವುದು ಅಂದರೆ ಅಕ್ಕನದು!

"ನೋಡಿ, ಕಾರಣ ಕೇಳಿದೀರಿ, ಮುಖ್ಯ ಕೈ ಕೇಳಿದೀರಿ, ಒಂದೇ ಒಂದು ಪ್ರಶ್ನೇಲೂ ಉತ್ತರ ಬಾಯಿಗಿಟ್ಟಿಲ್ಲ. ಹೀಗಿರ್ಬೇಕು," ಅಂದರು.

ನಾನು ಸುತ್ತುಬಳಸಿ ಕೇಳಿದೆ. "ಮೇಡಂ, ಒಂದು ಮಾತಿಗೆ ಅನ್ಕೊಳ್ಳಿ. ಡಾಕ್ಟ್ರು ಬರೆದಿರೋದು ನಿಜ ಅಲ್ಲ ಅಂತ ಸಂಖ್ಯೆ ಹಾಕೋನಿಗೆ ಖುದ್ದಾಗಿ ಗೊತ್ತಿದ್ರೆ?"

"ಹೇಗೆ ಗೊತ್ತಿರತ್ತೆ? ರೋಗಿ ಅವನ ನೆಂಟನಾಗಿದ್ರೆ ಮಾತ್ರ. ನೆಂಟರ ಫೈಲು ಮುಟ್ಟಿದ್ರೆ ಮೊದಲು ಮೆಮೋ, ಆಮೇಲೆ ಮಾತು. ಗೋಡೆ ಮೇಲೆ ಬರೆದು ಅಂಟಿಸಿಲ್ವಾ? ನಿಮ್ಮದೇ ಕೈಬರಹ ಅಲ್ವಾ ಅದು?"

ಹೌದು ಮೇಡಂ, ನನ್ನದೇ ಎಂದೆ.

ಮಾರ್ಚ್ ೨೭, ಗುರುವಾರ

ಎಂಟೂ ಮುಗಿದವು. ವ್ಯಾಯಾಮ ಮಾಡಿಸುವವಳು ಅಕ್ಕನ ಕೈಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಈಗಷ್ಟೇ ದಾರಿಗೆ ಬರ್ತಾ ಇತ್ತು ಅಂದಳಂತೆ. ತೋರುಬೆರಳೂ ಹೆಬ್ಬೆರಳೂ ಒಂದನ್ನೊಂದು ಮುಟ್ಟುತ್ತವೆ, ಒತ್ತುವುದಿಲ್ಲ.

ಸಂಜೆ ಅಕ್ಕ ಯಜಮಾನಿಗೆ ಫೋನ್ ಮಾಡುವುದು ಮೆಟ್ಟಿಲ ಮೇಲಿದ್ದ ನನಗೆ ಕೇಳಿಸಿತು. "ಹದಿನೈದರ ತನಕ ಯಾಕಮ್ಮ ಕಾಯ್ತೀರಿ, ಯಾರನ್ನಾದ್ರೂ ನೋಡ್ಕೊಳ್ಳಿ. ಕತ್ತರಿ ಅಲ್ಲೇ ಇರ್ಲಿ. ಯಾರಾದ್ರೂ ನನ್ನಂಥೋಳು ಬಂದ್ರೆ ಕೊಡಿ." ದನಿ ಗಟ್ಟಿಯಾಗಿಯೇ ಇತ್ತು. ಫೋನ್ ಇಟ್ಟ ಮೇಲೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ನನಗೆ ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಎಂದು ನೋಡಿದರೆ ಗೀಚು ಡಾಕ್ಟರ ಮೇಲಲ್ಲ, ವಿಮೆಯವರ ಮೇಲಲ್ಲ. ಆ ಪುಸ್ತಕದ ಮೇಲೂ ಅಲ್ಲ. ಹೊಸಬರಿಗೆ 'ತಲೆ ಕೆಡಿಸ್ಕೋಬೇಡಿ' ಎಂದು ಕಲಿಸುವ ಒಬ್ಬ ಮಹಾನುಭಾವನಿದ್ದಾನಲ್ಲ, ಅವನ ಮೇಲೆ. ಅವನಿಗೆ ಎಂಥ ಫಲಕ!

ಮೇಲೆ ಹೋಗಿ, "ಸೋಮವಾರ ಡಾಕ್ಟ್ರ ಹತ್ರ ಹೋಗೋಣ," ಎಂದೆ.

"ಮುಗೀತಲ್ಲೋ ಎಲ್ಲಾ."

"ನಾನೇ ಬರ್ತೀನಿ ಅಕ್ಕ."

"ನೀನು ಬಂದ್ರೆ ನಿಂಗೇ ತೊಂದರೆ ಅಂತ ಇವಳು ಹೇಳ್ತಿದ್ಲು," ಎಂದು ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿಯ ಕಡೆ ತೋರಿಸಿದಳು. ಇಬ್ಬರೂ ಮೊದಲೇ ಮಾತ್ರೆ, ಚೀಟಿ, ನಿಯಮ ಎಲ್ಲ ಚರ್ಚಿಸಿ ಮುಗಿಸಿದ್ದಾರೆ. ಈ ಮನೆಯಲ್ಲಿ ನನಗೊಬ್ಬನಿಗೆ ಮಾತ್ರ ಯಾವುದೂ ಗೊತ್ತಿರುವುದಿಲ್ಲ.

ಮಾರ್ಚ್ ೩೧, ಸೋಮವಾರ

ಅರ್ಧ ದಿನ ರಜೆ ಹಾಕಿದೆ. ಆಸ್ಪತ್ರೆಯ ಗುರುತಿನ ಚೀಟಿಯನ್ನು ಮನೆಯಲ್ಲೇ ಬಿಟ್ಟೆ. ಹೊರರೋಗಿಗಳ ಸಾಲಿನಲ್ಲಿ ಅಕ್ಕನ ಪಕ್ಕ ಒಂದೂವರೆ ಗಂಟೆ ಕೂತೆ. ಇಪ್ಪತ್ತೆರಡು ವರ್ಷದಲ್ಲಿ ಈ ಬೆಂಚುಗಳ ಮೇಲೆ ಕೂತವನಲ್ಲ. ಬಹಳ ಗಟ್ಟಿ ಬೆಂಚುಗಳು.

ಅಕ್ಷರ ನೋಡಿ ಗೀಚು ಡಾಕ್ಟರು ನಡುಗುವ ಕೈಯ ಮುದುಕರೆಂದು ತಿಳಿದಿದ್ದೆ. ಒಳಗೆ ಹೋದರೆ ಮೂವತ್ತರ ಆಸುಪಾಸಿನ, ನಿದ್ದೆಗೆಟ್ಟ ಕಣ್ಣಿನ, ಮೆದು ಮುಖದ ಮನುಷ್ಯ. ಅಕ್ಕನ ಬೆರಳುಗಳನ್ನು ಮೆಲ್ಲಗೆ ಹಿಡಿದು ನೋಡಿದರು. "ಎಂಟು ಸಲ ಮುಗೀತಾ? ಇದಕ್ಕೆ ಸಾಲದಲ್ಲಮ್ಮ. ಇನ್ನೂ ಬೇಕಿತ್ತು," ಅಂದರು.

ನಾನು ನಡುವೆ ಬಾಯಿ ಹಾಕಿದೆ. "ಡಾಕ್ಟ್ರೇ, ಬರೆಯೋ ಕೈ ಬಿಟ್ಟು... ಮಿಕ್ಕ ಕೆಲಸ ಎಲ್ಲ ಯಾವ ಕೈಲಿ ಅಂತ ಒಂದ್ಸಲ ಕೇಳಿ. ಎಡ ಬಲ ಅಂತ ನಾನು ಹೇಳಲ್ಲ. ನೀವು ಕೇಳಿ."

ಡಾಕ್ಟರು ನನ್ನ ದನಿ ಕೇಳಿ ಹುಬ್ಬು ಗಂಟಿಕ್ಕಿದರು. ಆದರೂ ಅಕ್ಕನ ಕಡೆ ತಿರುಗಿ ಕೇಳಿದರು. "ಹೇಳಿಮ್ಮ. ಬರೆಯೋದು ಬಿಡಿ. ನೀವು ಕೆಲಸ ಮಾಡೋ ಕೈ ಯಾವುದು?"

ಅಕ್ಕ ಡಾಕ್ಟರನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ, ಬಹಳ ಸಣ್ಣ ದನಿಯಲ್ಲಿ, "ಹೇಳ್ಲಾ?" ಅಂದಳು.

ನನ್ನ ಅಪ್ಪಣೆ ಕೇಳುತ್ತಿದ್ದಳು. ನನಗಿಂತ ಆರು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಎತ್ತಿ ಬೆಳೆಸಿದವಳು. ನಾಚಿಕೆಯಿಂದ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. "ಹೇಳಕ್ಕ," ಎಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

"ಎಡಗೈ," ಅಂದಳು.

"ಏನಂದ್ರಿ?"

"ಎಡಗೈ!" ಎಂದು ಈ ಸಲ ಕೂಗಿಯೇ ಹೇಳಿದಳು. ಹೊರಗಿನ ಬೆಂಚಿನವರು ಬಾಗಿಲಲ್ಲಿ ಇಣುಕಿದರು. "ಕತ್ತರಿ, ಸೂಜಿ, ಸೌಟು, ಪೊರಕೆ, ಎಲ್ಲಾ ಎಡಗೈಲೇ ಡಾಕ್ಟ್ರೇ. ಹುಟ್ಟಿದಾಗಿಂದ."

"ಮತ್ತೆ ಬಲಗೈಲಿ ಬರೆಯೋದು ಹೇಗೆ ಬಂತು? ಇದನ್ನೂ ಬರೀಬೇಕು. ಇಲ್ದಿದ್ರೆ ಒಂದ್ಸಲ ಬಲ, ಒಂದ್ಸಲ ಎಡ ಅಂತ ಬರೆದ್ರೆ ವಿಮೆಯೋರು ಒಪ್ಪಲ್ಲ."

ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. "ಚಿಕ್ಕೋಳಿದ್ದಾಗ ತಾನಾಗೇ ಬದಲಾಯ್ತು ಡಾಕ್ಟ್ರೇ. ಯಾರೂ ಏನೂ ಮಾಡ್ಲಿಲ್ಲ."

ಡಾಕ್ಟರು ಪೆನ್ನು ತೆಗೆದು 'ತಾನಾಗಿ' ಎಂದು ಬರೆಯತೊಡಗಿದರು. ಡಾಕ್ಟರು ಬರೆದದ್ದನ್ನು ಪ್ರಶ್ನಿಸುವ ಹಕ್ಕು ನನಗಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಪ್ರಶ್ನಿಸಿಲ್ಲ. ನಾನು ಎದ್ದು ಮೇಜಿನ ಮೇಲೆ ಬಗ್ಗಿ ಅವರ ಪೆನ್ನು ಹಿಡಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಅದು ಸುಳ್ಳು ಡಾಕ್ಟ್ರೇ. ತಾನಾಗಿ ಅಲ್ಲ. ಅಪ್ಪ ಕೈ ಕಟ್ಟಿ ಹಾಕ್ತಿದ್ರು. ಚಾಡಿ ಹೇಳಿದ್ದು ನಾನು. ದಿನಾ ಹೇಳ್ತಿದ್ದೆ. ಹಾಗೇ ಬರ್ಕೊಳ್ಳಿ."

"ನೀವು ರೆಕಾರ್ಡ್ ರೂಮಿನೋರಲ್ವಾ?" ಅಂದರು ಡಾಕ್ಟರು ಕಣ್ಣರಳಿಸಿ. "ಅದೇ ದನಿ! ಚೀಟಿ ಕಳಿಸಿ ಕಳಿಸಿ ನನ್ನ ಪ್ರಾಣ ತಿಂದೋರು ನೀವೇ. ಈ ಫೈಲಿಗೂ ನಿಮಗೂ ಏನ್ರೀ ಸಂಬಂಧ?"

ಮೆಮೋ, ಫಲಕ, ಗೋಡೆಯ ಮೇಲಿನ ನನ್ನದೇ ಕೈಬರಹ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ನಾನು ಇವಳ ತಮ್ಮ," ಎಂದೆ.

ನನ್ನ ಕಣ್ಣಲ್ಲಿ ನೀರಿತ್ತು ಎಂದು ಆಮೇಲೆ ಅಕ್ಕ ಹೇಳಿದಳು, ನಾನು ನೋಡಿಕೊಂಡಿಲ್ಲ. ಅವಳು ಆ ಹೊತ್ತಿಗೆ ತನ್ನ ಸೋತ ಎಡಗೈಯನ್ನು ಮೇಜಿನ ಮೇಲೆ ತಂದು ನನ್ನ ಮುಂಗೈಯ ಮೇಲಿಟ್ಟಳು. ಭಾರವಾಗಿತ್ತು.

"ಸರಿ ಕಣೋ, ಹೇಳಿದ್ದಾಯ್ತಲ್ಲ," ಅಂದಳು. "ಈಗ ಡಾಕ್ಟ್ರ ಕೈ ಬಿಡು. ಪಾಪ, ಅವರು ಬರೀಬೇಕು."